ಏಳನೇ ತಿಂಗಳಲ್ಲಿ ಹೊಸ ಕೆಲಸ: ಮುಚ್ಚಿಡುವ ಮೊದಲು ಲೆಕ್ಕ ಹಾಕೋಣ



ಅದು ಜುಲೈ ತಿಂಗಳ ಮೊದಲ ವಾರ. ಮೈಸೂರಿನ ಕೇಸರೆ ಕಡೆಯ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ಇನ್ನೇನು ಪುಸ್ತಕ ಮುಚ್ಚಬೇಕು ಎನ್ನುವಾಗ ಒಬ್ಬ ಸದಸ್ಯೆ ಮೆಲ್ಲಗೆ ಬಾಯಿ ಬಿಟ್ಟಳು.

"ಅಕ್ಕ, ನಂದು ಎರಡು ಕಂತು ಬಾಕಿ ಐತೆ. ಮುಂದಿನ ತಿಂಗಳು ಕಟ್ಬಿಡ್ತೀನಿ. ಹದಿನೈದನೇ ತಾರೀಖಿಂದ ಗಾರ್ಮೆಂಟ್ಸ್‌ಗೆ ಬಾ ಅಂದವ್ರೆ."

"ಏಳು ತಿಂಗಳಲ್ವೇನೇ ನಿಂಗೆ?" ಅಂದರು ಪ್ರತಿನಿಧಿ.

"ಹೊಟ್ಟೆ ಅಷ್ಟು ಕಾಣಲ್ಲ ಕಣಕ್ಕ. ವೇಲ್ ಹೊದ್ಕೊಂಡು ಹೋಗ್ತೀನಿ. ಹೇಳ್ಬಿಟ್ರೆ ಕೆಲಸ ಕೊಡಲ್ಲ."

ಸಭೆ ಎರಡು ಪಾಲಾಯಿತು. ಒಬ್ಬ ಹಿರಿಯರು, "ನಾನು ನೋವು ಬರೋವರ್ಗೂ ಊದುಬತ್ತಿ ಹೊಸೆದಿದೀನಿ, ಏನಾಯ್ತು? ಹೋಗ್ಲಿ ಬಿಡಿ" ಅಂದರು. ಇನ್ನೊಬ್ಬರು, "ಈ ಸ್ಥಿತೀಲಿ ಯಾರಾದ್ರೂ ಹೊಸ ಕೆಲಸಕ್ಕೆ ಹೋಗ್ತಾರಾ? ಸುಮ್ನೆ ಮನೇಲಿರು" ಅಂದರು. ಆ ತಂಗಿ ಯಾರಿಗೂ ಎದುರಾಡಲಿಲ್ಲ. ಅವಳ ಗಂಡ ಪೇಂಟಿಂಗ್ ಕೆಲಸದವರು. ಮಳೆ ಹಿಡಿದರೆ ಕೆಲಸವಿಲ್ಲ. ಬಾಡಿಗೆ, ಅಕ್ಕಿ, ಸಂಘದ ಕಂತು, ಮುಂದೆ ಬರುವ ಹೆರಿಗೆಯ ಖರ್ಚು ಎಲ್ಲವೂ ಅವಳ ತಲೆಯ ಮೇಲಿತ್ತು. "ಮನೇಲಿರು" ಎಂದವರು ಬಾಡಿಗೆ ಕಟ್ಟುವುದಿಲ್ಲ. "ಹೋಗು" ಎಂದವರು ಅವಳ ಬದಲಿಗೆ ಹತ್ತು ಗಂಟೆ ಕೂರುವುದಿಲ್ಲ.

ಆಗ ನಮ್ಮ ಕಾರ್ಯಕರ್ತೆ ಎರಡೇ ಪ್ರಶ್ನೆ ಕೇಳಿದರು: "ನಿನ್ನ ತಾಯಿ ಕಾರ್ಡ್ ಎಲ್ಲಮ್ಮ? ಈ ಮೊದಲು ಎಲ್ಲಾದರೂ ಇ.ಎಸ್.ಐ. ಇತ್ತಾ?"

ಈ ಎರಡು ಪ್ರಶ್ನೆಗಳಿಂದ ಏನಾಯಿತು ಎಂಬುದೇ ಈ ತಿಂಗಳ ಪಾಠ. ಇದನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಬಸುರಿಯರು, ಬಸುರಿ ಸೊಸೆ ಅಥವಾ ಮಗಳು ಇರುವವರು ಹತ್ತಿರ ಕೂತು ಕೇಳಲಿ. ಪೆನ್ನು, ಕ್ಯಾಲೆಂಡರ್ ಎರಡೂ ಕೈಯಲ್ಲಿರಲಿ.

1. ಮೊದಲ ಲೆಕ್ಕ: ಹೆರಿಗೆಯ ತಾರೀಖು

"ಏಳು ತಿಂಗಳು" ಎನ್ನುವುದು ನಮ್ಮ ಬಾಯಿ ಲೆಕ್ಕ. ಕೆಲಸಕ್ಕೂ ಕಾಯಿದೆಗೂ ಬೇಕಾದದ್ದು ತಾರೀಖು. ಡಾಕ್ಟರು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ಹೆರಿಗೆಯ ಅಂದಾಜು ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಹೆರಿಗೆ ಆಗಬಹುದು.

ನಮ್ಮ ತಂಗಿಯ ಕಾರ್ಡಿನಲ್ಲಿ ಸೆಪ್ಟೆಂಬರ್ 30 ಎಂದಿತ್ತು. ಜುಲೈ 15ಕ್ಕೆ ಕೆಲಸಕ್ಕೆ ಸೇರಿದರೆ ಅಂದಿಗೆ 29 ವಾರ. ಅಲ್ಲಿಂದ ಹೆರಿಗೆಯ ತಾರೀಖಿಗೆ ಉಳಿಯುವುದು 77 ದಿನ. ಈ 77 ಎಂಬ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2. ಎರಡನೇ ಲೆಕ್ಕ: 80 ದಿನ

ಹೆರಿಗೆ ರಜೆ ಮತ್ತು ರಜೆಯ ಸಂಬಳ ಯಾರೂ ದಯೆಯಿಂದ ಕೊಡುವುದಲ್ಲ, ಅದು ಹಕ್ಕು. ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯಿದೆ 1961ರಲ್ಲಿ ಬಂತು. 2017ರ ತಿದ್ದುಪಡಿಯಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಈಗ ಈ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿವೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕಾಯಿದೆಯ ಹೆಸರು ಬದಲಾದರೂ ನಮಗೆ ಮುಖ್ಯವಾದ ಅಂಶಗಳು ಹಾಗೆಯೇ ಇವೆ:

* ಕಾರ್ಖಾನೆಗಳಿಗೂ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ.
* ಸಂಬಳ ಸಹಿತ 26 ವಾರ ರಜೆ. ಇದರಲ್ಲಿ ಹೆಚ್ಚೆಂದರೆ 8 ವಾರವನ್ನು ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಒಟ್ಟು ರಜೆ 12 ವಾರ.
* ಹೆರಿಗೆಯಾದ ಮೇಲೆ ಮೊದಲ 6 ವಾರ ತಾಯಿಯನ್ನು ಕೆಲಸಕ್ಕೆ ಹಚ್ಚುವಂತಿಲ್ಲ.
* ಈ ಹಣ ಸಿಗಬೇಕಾದರೆ ಹೆರಿಗೆಯ ಅಂದಾಜು ತಾರೀಖಿನ ಹಿಂದಿನ 12 ತಿಂಗಳಲ್ಲಿ ಅದೇ ಮಾಲೀಕರ ಬಳಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಸಂಬಳ ಸಹಿತ ರಜೆಯ ದಿನಗಳೂ ಈ 80ರಲ್ಲಿ ಸೇರುತ್ತವೆ.

ಕೊನೆಯ ಅಂಶವನ್ನು ಇನ್ನೊಮ್ಮೆ ಓದಿ. ಹೊಸ ಕೆಲಸಕ್ಕೆ ಸೇರುವ ಬಸುರಿಗೆ ಬೀಗವೂ ಅದೇ, ಕೀಲಿಕೈಯೂ ಅದೇ. ವಾರಕ್ಕೆ ಆರು ದಿನ ಕೆಲಸ ಎಂದರೆ 80 ದಿನ ಆಗಲು 13 ವಾರದ ಮೇಲೆ ಎರಡು ದಿನ ಬೇಕು.

ಇದೇ ತಂಗಿ ಜೂನ್ 1ಕ್ಕೆ ಸೇರಿದ್ದರೆ? ಸೆಪ್ಟೆಂಬರ್ ಮೊದಲ ವಾರದೊಳಗೆ 80 ದಿನ ತುಂಬುತ್ತಿತ್ತು. ಜುಲೈ 15ಕ್ಕೆ ಸೇರಿದರೆ ಉಳಿದಿರುವುದೇ 77 ದಿನ. ಭಾನುವಾರವೂ ಬಿಡದೆ ದುಡಿದರೂ 80 ಆಗದು. ಆರನೇ ತಿಂಗಳಲ್ಲಿ ಸೇರುವುದಕ್ಕೂ ಏಳನೇ ತಿಂಗಳಲ್ಲಿ ಸೇರುವುದಕ್ಕೂ ಇಷ್ಟು ವ್ಯತ್ಯಾಸ. ಆದ್ದರಿಂದ ಕೆಲಸ ಬೇಕೇ ಬೇಕು ಎಂದಿದ್ದರೆ, "ಇನ್ನೊಂದು ತಿಂಗಳು ನೋಡೋಣ" ಎಂದು ಕೂರುವುದಕ್ಕಿಂತ ಬೇಗ ಸೇರುವುದು ಲೇಸು. ಡಾಕ್ಟರು ಒಪ್ಪಿದರೆ ಮಾತ್ರ.

ದಿನಗೂಲಿಯವರು, ಕಂಟ್ರಾಕ್ಟರ್ ಕೈಕೆಳಗಿನವರು "ನಮಗೆಲ್ಲ ಇದು ಎಲ್ಲಿ?" ಅನ್ನಬಹುದು. ದೆಹಲಿ ಮಹಾನಗರ ಪಾಲಿಕೆಯಲ್ಲಿ ರಸ್ತೆ ಕೆಲಸ ಮಾಡುತ್ತಿದ್ದ ದಿನಗೂಲಿ ಹೆಂಗಸರು ಇದೇ ಪ್ರಶ್ನೆ ಹಿಡಿದು ಹೋರಾಡಿದರು. ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದು 2000ದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದ್ದರಿಂದ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಇದೆಯೇ, ದಿನಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದು ನಮ್ಮ ಕೆಲಸ. ನಾವೂ ಒಂದು ಚಿಕ್ಕ ಪುಸ್ತಕದಲ್ಲಿ ದಿನ ದಿನವೂ ಬರೆದಿಡೋಣ. ಸಂಘದ ಲೆಕ್ಕ ಬರೆದು ಬರೆದು ನಮಗೆ ಅಭ್ಯಾಸವಿದೆಯಲ್ಲ!

3. ಮೂರನೇ ಲೆಕ್ಕ: ಇ.ಎಸ್.ಐ. ನಂಬರು

ಇ.ಎಸ್.ಐ. ಎಂದರೆ ಕಾರ್ಮಿಕರ ರಾಜ್ಯ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಅನ್ವಯಿಸುತ್ತದೆ. ನೂರು ರೂಪಾಯಿ ಸಂಬಳಕ್ಕೆ ನಮ್ಮಿಂದ 75 ಪೈಸೆ, ಮಾಲೀಕರಿಂದ 3 ರೂಪಾಯಿ 25 ಪೈಸೆ ಕಟ್ಟಲಾಗುತ್ತದೆ. ಇ.ಎಸ್.ಐ. ಇರುವವರಿಗೆ ಹೆರಿಗೆಯ ಹಣವನ್ನು ಮಾಲೀಕರ ಬದಲು ಇ.ಎಸ್.ಐ. ನಿಗಮವೇ ಕೊಡುತ್ತದೆ.

ಇಲ್ಲಿ ಎಣಿಸುವುದು 70 ದಿನ. ಆದರೆ ಆ 70 ದಿನ ಯಾವಾಗಿನದು ಎಂಬುದರಲ್ಲೇ ಗುಟ್ಟಿದೆ. ಇ.ಎಸ್.ಐ. ವರ್ಷವನ್ನು ಎರಡು ಭಾಗ ಮಾಡುತ್ತದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಹೆರಿಗೆ ಜುಲೈಯಿಂದ ಡಿಸೆಂಬರ್ ಒಳಗೆ ಆಗುವುದಾದರೆ, ಹಿಂದಿನ ವರ್ಷದ ಏಪ್ರಿಲ್ 1ರಿಂದ ಈ ವರ್ಷದ ಮಾರ್ಚ್ 31ರವರೆಗೆ ಕಟ್ಟಿದ ದಿನಗಳನ್ನು ನೋಡುತ್ತಾರೆ. ಹೆರಿಗೆ ಜನವರಿಯಿಂದ ಜೂನ್ ಒಳಗೆ ಆದರೆ, ಹಿಂದಿನ ವರ್ಷದ ಸೆಪ್ಟೆಂಬರ್ 30ಕ್ಕೆ ಮುಗಿದ ಹನ್ನೆರಡು ತಿಂಗಳನ್ನು ನೋಡುತ್ತಾರೆ.

ಇದರ ಅರ್ಥ ಏನು? ಈಗ ಸೇರುವ ಹೊಸ ಕೆಲಸದ ದಿನಗಳು ಈ ಹೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಕೆಲಸದ ದಿನಗಳು ಬರುತ್ತವೆ. ಕಾರ್ಖಾನೆ ಬದಲಾದರೂ ಹತ್ತು ಅಂಕಿಯ ವಿಮಾ ನಂಬರು ಒಂದೇ.

ಈಗ ನಮ್ಮ ತಂಗಿಯ ಕಥೆಗೆ ಬರೋಣ. ಅವಳು ನಾಲ್ಕು ವರ್ಷ ಬೇರೊಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ವಾಂತಿ ಜಾಸ್ತಿಯಾಗಿ, ಬಸ್ಸಿನಲ್ಲಿ ನಿಲ್ಲಲಾರದೆ ಆ ವರ್ಷ ಫೆಬ್ರವರಿಯಲ್ಲಿ ಕೆಲಸ ಬಿಟ್ಟಿದ್ದಳು. ಹೊಸ ಕಡೆ "ಹಳೇ ಇ.ಎಸ್.ಐ. ಇದೆಯಾ?" ಎಂದು ಕೇಳಿದಾಗ ಇಲ್ಲ ಎಂದುಬಿಟ್ಟಿದ್ದಳು. ಯಾಕೆ? ಹಳೆಯದನ್ನು ಹೇಳಿದರೆ "ಯಾಕೆ ಬಿಟ್ಟೆ?" ಎಂದು ಕೇಳುತ್ತಾರೆ, ಬಸುರಿನ ವಿಷಯ ಹೊರಗೆ ಬೀಳುತ್ತದೆ ಎಂಬ ಭಯ. ಹಳೆಯ ಕಾರ್ಡು, ಸಂಬಳದ ಚೀಟಿ ಎಲ್ಲವೂ ಮನೆಯಲ್ಲಿ ಟ್ರಂಕಿನ ತಳದಲ್ಲಿದ್ದವು.

ಹಿಂದಿನ ಏಪ್ರಿಲ್‌ನಿಂದ ಫೆಬ್ರವರಿಯವರೆಗೆ ಅವಳು 70 ದಿನ ಏನು, ಅದರ ಮೂರು ಪಟ್ಟಿಗೂ ಹೆಚ್ಚು ದಿನ ದುಡಿದಿದ್ದಳು. ಅವಳಿಗೆ 26 ವಾರದ ಹಣ ಬರಬೇಕಾಗಿತ್ತು. 26 ವಾರ ಎಂದರೆ 182 ದಿನ. ದಿನದ ಸರಾಸರಿ ಕೂಲಿ 400 ರೂಪಾಯಿ ಎಂದಿಟ್ಟುಕೊಂಡರೂ 72,800 ರೂಪಾಯಿ! ಬಸುರು ಮುಚ್ಚಿಡಲು ಹೋಗಿ ಆ ತಂಗಿ ಮುಚ್ಚಿಟ್ಟದ್ದು ತನ್ನದೇ ಗಂಟನ್ನು.

ಇನ್ನೊಂದು ಮಾತನ್ನೂ ಹೇಳಬೇಕು. ಈ ಮೊದಲು ಎಂದೂ ಇ.ಎಸ್.ಐ. ಇಲ್ಲದವರು ಬಸುರಿಯಾದ ಮೇಲೆ ಮೊದಲ ಸಲ ಸೇರಿದರೆ ಇ.ಎಸ್.ಐ.ನಿಂದ ಹೆರಿಗೆಯ ನಗದು ಹಣ ಸಿಗುವುದು ಕಷ್ಟ. ಹೊಸಬರಿಗೆ ನಗದು ಸೌಲಭ್ಯದ ಅವಧಿ ಶುರುವಾಗುವುದೇ ಸೇರಿ ಒಂಬತ್ತು ತಿಂಗಳಾದ ಮೇಲೆ. ಆದರೆ ವೈದ್ಯಕೀಯ ಸೇವೆ ಸೇರಿದ ದಿನದಿಂದಲೇ ಉಂಟು. ಮೈಸೂರಿನಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ಇಂಥವರು ಅದೇ ಮಾಲೀಕರ ಬಳಿ 80 ದಿನ ತುಂಬಿಸಿದ್ದರೆ, ಇ.ಎಸ್.ಐ. ಹಕ್ಕು ಹುಟ್ಟುವವರೆಗೆ ಹೆರಿಗೆಯ ಹಣ ಕೊಡುವ ಹೊಣೆ ಮಾಲೀಕರದು. "ನಿನಗೆ ಇ.ಎಸ್.ಐ. ಇದೆ, ನಮ್ಮನ್ನು ಕೇಳಬೇಡ" ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

4. ಹೇಳಬೇಕಾ, ಬೇಡವಾ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. "ನಿಜ ಹೇಳಿ, ಎಲ್ಲ ಒಳ್ಳೆಯದಾಗುತ್ತದೆ" ಎಂದು ನಾವು ಸುಲಭವಾಗಿ ಬರೆಯಲಾರೆವು. ಬಸುರಿಯನ್ನು ಹೊಸದಾಗಿ ಕೆಲಸಕ್ಕೆ ಸೇರಿಸಿಕೊಳ್ಳಲು ಹಿಂದೆ ಮುಂದೆ ನೋಡುವವರು ಬಹಳ. ಸಣ್ಣ ಕಡೆಗಳಲ್ಲಿ ಮಾತ್ರವಲ್ಲ, ದೊಡ್ಡ ಕಡೆಗಳಲ್ಲೂ ಹೀಗೆಯೇ.

ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದದ್ದು ನಿಮಗೆ ಗೊತ್ತು. ಮೂರು ತಿಂಗಳು ಮೀರಿದ ಬಸುರಿ ಕೆಲಸಕ್ಕೆ ಆಯ್ಕೆಯಾದರೆ ಅವಳನ್ನು "ತಾತ್ಕಾಲಿಕವಾಗಿ ಅನರ್ಹಳು" ಎಂದು ಪರಿಗಣಿಸಿ, ಹೆರಿಗೆಯ ನಂತರ ಸೇರಿಸಿಕೊಳ್ಳಬೇಕು ಎಂದು ಆ ಬ್ಯಾಂಕು ಹೊಸ ನಿಯಮ ಮಾಡಿತು. ದೇಶದ ಎಲ್ಲೆಡೆಯಿಂದ ವಿರೋಧ ಬಂತು. 2022ರ ಜನವರಿ ಕೊನೆಯಲ್ಲಿ ಬ್ಯಾಂಕು ಆ ನಿಯಮವನ್ನು ತಡೆಹಿಡಿಯಿತು. ಅದಕ್ಕೆ ಮೊದಲು ಅಲ್ಲಿ ಆರು ತಿಂಗಳವರೆಗಿನ ಬಸುರಿಯರೂ ಕೆಲಸಕ್ಕೆ ಸೇರಬಹುದಾಗಿತ್ತು.

ಇನ್ನೊಂದು ಘಟನೆ ಹಳೆಯದು. ನೀರಾ ಮಾಥುರ್ ಎಂಬ ಮಹಿಳೆ 1989ರ ಸೆಪ್ಟೆಂಬರ್‌ನಲ್ಲಿ ಜೀವ ವಿಮಾ ನಿಗಮದ ಕೆಲಸಕ್ಕೆ ಸೇರಿದರು. 1990ರ ಜನವರಿಯಲ್ಲಿ ಹೆರಿಗೆಯಾಯಿತು. ಅಂದರೆ ಸೇರುವಾಗಲೇ ಬಸುರಿ. ಅರ್ಜಿಯಲ್ಲಿ ಮುಟ್ಟಿನ ವಿವರ ಸರಿಯಾಗಿ ಬರೆದಿಲ್ಲ ಎಂದು ಅವರನ್ನು ಕೆಲಸದಿಂದ ತೆಗೆದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಹೆಂಗಸಿನ ಮುಟ್ಟು, ಬಸುರಿನ ಬಗ್ಗೆ ಅಂಥ ಪ್ರಶ್ನೆ ಕೇಳುವುದೇ ಅವಳ ಮಾನಕ್ಕೆ ಧಕ್ಕೆ ಎಂದು ಕೋರ್ಟು ಹೇಳಿತು. ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬೇಕು, ಆ ಪ್ರಶ್ನೆಗಳನ್ನು ಅರ್ಜಿಯಿಂದ ತೆಗೆದುಹಾಕಬೇಕು ಎಂದು 1991ರಲ್ಲಿ ಆದೇಶಿಸಿತು.

ಇವೆರಡರಿಂದ ನಾವು ಕಲಿಯುವುದು ಇಷ್ಟು. ಬಸುರಾಗಿರುವುದು ತಪ್ಪಲ್ಲ, ಸುಳ್ಳು ಹೇಳಬೇಕಾದ ಅಪರಾಧವೂ ಅಲ್ಲ. ಕೇಳಬಾರದ ಪ್ರಶ್ನೆಗೆ ನಾವು ತಲೆ ತಗ್ಗಿಸಬೇಕಾಗಿಲ್ಲ. ಆದರೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಜೊತೆಗೆ, ಮುಚ್ಚಿಟ್ಟರೆ ನಾವು ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನೂ ನೋಡಬೇಕು. ಮುಚ್ಚಿಟ್ಟವಳು ಚೆಕಪ್‌ಗೆ ರಜೆ ಕೇಳಲಾರಳು. ಭಾರ ಎತ್ತಲಾರೆ ಎನ್ನಲಾರಳು. ಮೇಲಿಂದ ಮೇಲೆ ಬಚ್ಚಲಿಗೆ ಹೋದರೆ ಬೈಸಿಕೊಳ್ಳುತ್ತಾಳೆ ಎಂದು ನೀರು ಕುಡಿಯುವುದನ್ನೇ ಬಿಡುತ್ತಾಳೆ. ತಲೆ ತಿರುಗಿ ಬಿದ್ದರೆ ಪಕ್ಕದವರಿಗೆ ಕಾರಣ ತಿಳಿಯುವುದಿಲ್ಲ. ಹೆರಿಗೆಯ ಹಣ ಪಡೆಯಲು ಬಸುರಿನ ವಿಷಯವನ್ನು ಲಿಖಿತವಾಗಿ ತಿಳಿಸಲೇಬೇಕು. ಮುಚ್ಚಿಟ್ಟವಳು ಅದನ್ನೂ ಮಾಡಲಾರಳು.

ಆದ್ದರಿಂದ ನಮ್ಮ ಸಲಹೆ: ಲೆಕ್ಕ ಮೊದಲು, ಮಾತು ಆಮೇಲೆ. ನಮ್ಮ ತಾರೀಖು, ನಮ್ಮ ದಿನಗಳು, ನಮ್ಮ ನಂಬರು ನಮಗೆ ಗೊತ್ತಿದ್ದರೆ ಬೇಡುವ ಧ್ವನಿ ಹೋಗಿ ಮಾತಾಡುವ ಧ್ವನಿ ಬರುತ್ತದೆ. ಹೇಳುವಾಗ ಹೀಗೆ ಹೇಳಬಹುದು: "ಸಾರ್, ನಂಗೆ ಇಷ್ಟನೇ ತಿಂಗಳು. ಈ ತಾರೀಖಿನವರೆಗೆ ಬರ್ತೀನಿ. ಹೆರಿಗೆ ಆಗಿ ಈ ತಿಂಗಳಿಗೆ ವಾಪಸ್ ಬರ್ತೀನಿ. ಕೂತು ಮಾಡೋ ಕೆಲಸ ಕೊಡಿ." ಒಪ್ಪಿದರೆ ಒಂದು ಕಾಗದದಲ್ಲಿ ಬರೆದು ಕೊಟ್ಟು, ಪ್ರತಿಯಲ್ಲಿ ಸಹಿ, ತಾರೀಖು ಹಾಕಿಸಿಕೊಳ್ಳಿ.

ಕಾಯಿದೆಯ ಪ್ರಕಾರ ಹೆರಿಗೆ ರಜೆಯಲ್ಲಿರುವಾಗ ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಹಕ್ಕಿರುವ ಬಸುರಿಯನ್ನು ಕೆಲಸದಿಂದ ತೆಗೆದರೂ ಅವಳ ಹೆರಿಗೆಯ ಹಣ ತಪ್ಪುವುದಿಲ್ಲ. ತೊಂದರೆಯಾದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ. ಅದಕ್ಕೆ ಆದಾಯದ ಮಿತಿ ಇಲ್ಲ.

5. ಕೆಲಸದ ಜಾಗದಲ್ಲಿ ಮೈ ಕಾಪಾಡಿಕೊಳ್ಳೋಣ

"ನಾನು ನೋವು ಬರೋವರ್ಗೂ ದುಡಿದೆ" ಎಂದ ಹಿರಿಯರ ಮಾತು ಸುಳ್ಳಲ್ಲ. ಆದರೆ ಆಮೇಲೆ ಅವರೇ ಮೆಲ್ಲಗೆ ಹೇಳಿದರು, ಅವರ ಎರಡನೇ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿ ಉಳಿಯಲಿಲ್ಲ ಎಂದು. ದುಡಿಮೆಯಿಂದಲೇ ಹಾಗಾಯಿತು ಎಂದು ನಾವು ಹೇಳಲಾರೆವು. ಆದರೆ ಬೇರೆ ದಾರಿ ಇರುವಾಗ ಅಪಾಯವನ್ನು ಯಾಕೆ ಹೊರಬೇಕು?

* ಹೆರಿಗೆಯ ತಾರೀಖಿಗೆ ಹತ್ತು ವಾರ ಇರುವಾಗಿನಿಂದ ಭಾರದ ಕೆಲಸ, ಬಹಳ ಹೊತ್ತು ನಿಲ್ಲುವ ಕೆಲಸ ಬೇಡ ಎಂದು ಕೇಳುವ ಹಕ್ಕು ಕಾಯಿದೆಯಲ್ಲಿದೆ. ಕೇಳಿದರೆ ಮಾತ್ರ ಅದು ಸಿಗುತ್ತದೆ.
* ಒಂದೇ ಕಡೆ ಕೂತಿದ್ದರೆ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕಾಲ ಕೆಳಗೆ ಏನಾದರೂ ಎತ್ತರ ಇಟ್ಟುಕೊಳ್ಳಿ.
* ನೀರು ಕುಡಿಯಿರಿ. ಮೂತ್ರ ತಡೆಯಬೇಡಿ. ತಡೆದರೆ ಸೋಂಕು ಬರುತ್ತದೆ. ಸೋಂಕಿನಿಂದ ಹೆರಿಗೆ ಬೇಗ ಆಗಿಬಿಡಬಹುದು.
* ಊದುಬತ್ತಿಯ ಪುಡಿ, ಬಣ್ಣದ ವಾಸನೆ, ಬಟ್ಟೆಯ ಕಲೆ ತೆಗೆಯುವ ರಾಸಾಯನಿಕ ಇರುವ ಕಡೆಯಿಂದ ಬೇರೆ ಕಡೆ ಕೂರಿಸಲು ಕೇಳಿ.
* ಕಬ್ಬಿಣಾಂಶ, ಫೋಲಿಕ್ ಆಸಿಡ್ ಮಾತ್ರೆಗಳನ್ನು ನಾಲ್ಕನೇ ತಿಂಗಳಿನಿಂದ ಕನಿಷ್ಠ 180 ದಿನ ತಪ್ಪದೆ ನುಂಗಿ. ಟೀ, ಕಾಫಿ ಜೊತೆಯಲ್ಲಿ ಬೇಡ. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹೊಸ ಕೆಲಸಕ್ಕೆ ಸೇರುವ ಮೊದಲು ಇದನ್ನು ನೋಡಿಸಿಕೊಳ್ಳಿ.
* ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರರಿಂದ ಉಚಿತ ತಪಾಸಣೆ ಇರುತ್ತದೆ. ಆ ದಿನದ ರಜೆಯನ್ನು ಮೊದಲೇ ಹೇಳಿಡಿ.
* ಬಸ್ಸಿನಲ್ಲಿ ಸೀಟು ಕೇಳಲು ನಾಚಿಕೆ ಬೇಡ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ ಎಂದು ತುಂಬಿದ ಬಸ್ಸಿಗೇ ಹತ್ತಬೇಕಾಗಿಲ್ಲ. ಹತ್ತು ನಿಮಿಷ ಮೊದಲು ಹೊರಟು ಖಾಲಿ ಬಸ್ಸು ನೋಡಿ.

ಈ ಲಕ್ಷಣ ಕಂಡರೆ ಶಿಫ್ಟ್ ಮುಗಿಯಲಿ ಎಂದು ಕಾಯಬೇಡಿ: ರಕ್ತ ಹೋಗುವುದು, ನೀರು ಹೋಗುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಜ್ವರ, ಫಿಟ್ಸ್, ಮಗುವಿನ ಅಲುಗಾಟ ಮೊದಲಿಗಿಂತ ಕಡಿಮೆಯಾಗುವುದು. ಕೂಡಲೇ 108ಕ್ಕೆ ಫೋನ್ ಮಾಡಿ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಹಗಲೂ ರಾತ್ರಿ ಇದೆ. ಕೆಲಸದ ಕಡೆ ಪಕ್ಕದಲ್ಲಿ ಕೂರುವ ಒಬ್ಬ ಗೆಳತಿಗಾದರೂ ನಿಮ್ಮ ವಿಷಯ, ಮನೆಯ ಫೋನ್ ನಂಬರು ತಿಳಿದಿರಲಿ.

6. ಕಾರ್ಖಾನೆ ಅಲ್ಲದ ಕೆಲಸದವರು

ನಮ್ಮ ಸಂಘಗಳಲ್ಲಿ ಮನೆಗೆಲಸದವರು, ಮನೆಯಲ್ಲೇ ಊದುಬತ್ತಿ ಹೊಸೆಯುವವರು, ಬೀಡಿ ಕಟ್ಟುವವರು, ಗಾರೆ ಕೆಲಸದವರು ಹೆಚ್ಚು. ಇವರಲ್ಲಿ ಬಹಳ ಮಂದಿಗೆ ಮೇಲಿನ 26 ವಾರ ಸಿಗುವುದಿಲ್ಲ. ಇದು ದುಃಖದ ಸಂಗತಿ. ಆದರೂ ಕೈಗೆಟಕುವುದನ್ನು ಬಿಡಬಾರದು.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ಕುಟುಂಬದ ತಾಯಿಗೆ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ ಸಿಗುತ್ತದೆ. ಎರಡನೆಯದು ಹೆಣ್ಣು ಮಗುವಾದರೆ 6,000 ರೂಪಾಯಿ. ಬೇರೆ ಕಾಯಿದೆಯಲ್ಲಿ ಹೆರಿಗೆಯ ಹಣ ಪಡೆಯುವವರಿಗೆ ಇದು ಇಲ್ಲ. ಮಾತೃಪೂರ್ಣ ಯೋಜನೆಯ ಊಟವನ್ನೂ ಅಂಗನವಾಡಿಯಲ್ಲಿ ಕೇಳಿ. ಗಾರೆ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿಕೊಂಡಿದ್ದರೆ ಮಂಡಳಿಯಿಂದ ಹೆರಿಗೆ ಸಹಾಯಧನ ಉಂಟು. ಕಾರ್ಡನ್ನು ಬಸುರಾಗುವುದಕ್ಕೆ ಮುಂಚೆಯೇ ಮಾಡಿಸಿ, ಮರೆಯದೆ ನವೀಕರಿಸಿ.

ಹೊಸ ಮನೆಯ ಕೆಲಸಕ್ಕೆ ಸೇರುವವರು ಮೊದಲ ದಿನವೇ ಮನೆಯವರ ಹತ್ತಿರ ಮಾತಾಡಿ. "ನಾನು ಬರದ ಎರಡು ತಿಂಗಳು ನಮ್ಮ ಸಂಘದ ಇನ್ನೊಬ್ಬರು ಬರ್ತಾರೆ, ಆಮೇಲೆ ನಾನೇ ಬರ್ತೀನಿ" ಎಂದರೆ ಒಪ್ಪುವವರು ಇದ್ದಾರೆ. ಬದಲಿಗೆ ಹೋದವರು ಆ ಮನೆಯನ್ನು ಇಟ್ಟುಕೊಳ್ಳದೆ ಹಿಂದಿರುಗಿಸಬೇಕು. ಈ ನಂಬಿಕೆ ಸಂಘದಿಂದ ಮಾತ್ರ ಸಾಧ್ಯ.

7. ಸಂಘ ಏನು ಮಾಡಬಹುದು?

ಆ ತಂಗಿ ಕೆಲಸಕ್ಕೆ ಓಡಲು ಒಂದು ಕಾರಣ ನಮ್ಮದೇ ಸಂಘದ ಎರಡು ಕಂತು! ಇದನ್ನು ಕೇಳಿ ನಮಗೆ ನಾಚಿಕೆಯಾಯಿತು. ಬಸುರಿಯನ್ನು ದುಡಿಮೆಗೆ ದೂಡುವವರಲ್ಲಿ ನಾವೂ ಒಬ್ಬರಾಗಬಾರದಲ್ಲವೇ? ಅಂದಿನ ಸಭೆಯಲ್ಲೇ ಠರಾವು ಬರೆದರು: ಹೆರಿಗೆಗೆ ಎರಡು ತಿಂಗಳು ಮೊದಲಿನಿಂದ ಹೆರಿಗೆಯಾಗಿ ಮೂರು ತಿಂಗಳವರೆಗೆ ಸದಸ್ಯೆಯಿಂದ ಅಸಲು ಕೇಳುವುದಿಲ್ಲ, ದಂಡ ಹಾಕುವುದಿಲ್ಲ. ನಿಮ್ಮ ಸಂಘದ ಸಾಲ ಬ್ಯಾಂಕಿನದಾಗಿದ್ದರೆ ಸಂಘದ ನಿಧಿಯಿಂದ ಅಷ್ಟು ದಿನ ಕಟ್ಟಿ, ಆಮೇಲೆ ಸದಸ್ಯೆಯಿಂದ ಪಡೆಯಬಹುದು.

ಇನ್ನೂ ಕೆಲವು ದಾರಿಗಳಿವೆ. ಬಸುರಿಯಾದ ಸದಸ್ಯೆಯ ತಾಯಿ ಕಾರ್ಡು, ಇ.ಎಸ್.ಐ. ನಂಬರು, ಬ್ಯಾಂಕ್ ಪಾಸ್ ಪುಸ್ತಕವನ್ನು ಪ್ರತಿನಿಧಿ ಒಮ್ಮೆ ನೋಡಬೇಕು. ಕಚೇರಿಗೆ ಹೋಗುವಾಗ ಒಬ್ಬರು ಜೊತೆಗೆ ಹೋಗಬೇಕು. ದೊಡ್ಡ ಮಗುವನ್ನು ಸರದಿಯಂತೆ ನೋಡಿಕೊಳ್ಳಬೇಕು. ಅತ್ತೆ, ಗಂಡನ ಜೊತೆ ಮಾತಾಡಬೇಕು: ಹೊರಗೆ ದುಡಿದು ಬಂದ ಬಸುರಿ ಮನೆಯಲ್ಲಿ ನೀರು ಹೊರಬಾರದು.

ಕೊನೆಗೆ ಏನಾಯಿತು?

ಕಾರ್ಯಕರ್ತೆ ಮತ್ತು ಪ್ರತಿನಿಧಿ ಆ ತಂಗಿಯ ಜೊತೆ ಹೋದರು. ಅವಳು ಹೊಸ ಕಾರ್ಖಾನೆಯಲ್ಲಿ ಇದ್ದ ವಿಷಯ ಹೇಳಿದಳು. "ಹೆರಿಗೆ ಆದ್ಮೇಲೆ ಬಾಮ್ಮ, ನೋಡೋಣ" ಅಂದರು. ಅವಳು ಅಂದು ಅತ್ತಳು. ನಾವು ಹೇಳಿದ್ದಕ್ಕೇ ಕೆಲಸ ತಪ್ಪಿತು ಎಂದು ಎರಡು ದಿನ ನಮ್ಮ ಮೇಲೆ ಮುನಿಸಿಕೊಂಡಳು ಕೂಡ.

ಆಮೇಲೆ ಹಳೆಯ ಸಂಬಳದ ಚೀಟಿ, ಕಾರ್ಡು ಹಿಡಿದು ಇ.ಎಸ್.ಐ. ಶಾಖಾ ಕಚೇರಿಗೆ ಹೋದರು. ಮೂರು ಸಲ ಅಲೆದಾಟವಾಯಿತು. ಒಮ್ಮೆ ಆಧಾರ್‌ನಲ್ಲಿ ಹೆಸರಿನ ಅಕ್ಷರ ಬೇರೆ, ಒಮ್ಮೆ ಡಾಕ್ಟರರ ಪ್ರಮಾಣಪತ್ರ ಇಲ್ಲ. ಹೆರಿಗೆಗೆ ಎಂಟು ವಾರ ಮೊದಲು, ಅಂದರೆ ಆಗಸ್ಟ್ 5ರಿಂದ ಅವಳ ಲೆಕ್ಕ ಶುರುವಾಯಿತು. ಹೊಸ ಕೆಲಸಕ್ಕೆ ಸೇರಿದ್ದರೂ ಅವಳು ದುಡಿಯುತ್ತಿದ್ದುದು ಮೂರೇ ವಾರ! ಆ ಮೂರು ವಾರದ ಕೂಲಿಗಾಗಿ ಅವಳು ಆರು ತಿಂಗಳ ಹಣವನ್ನು ಬಿಟ್ಟುಬಿಡುತ್ತಿದ್ದಳು.

ಹೆಣ್ಣು ಮಗು ಹುಟ್ಟಿತು. ಮಗು ಆರು ತಿಂಗಳು ತುಂಬಿ ಅನ್ನ ನೆಕ್ಕಲು ಕಲಿತ ಮೇಲೆ ಅವಳು ಬೇರೆ ಕಾರ್ಖಾನೆಗೆ ಸೇರಿದಳು. ಈ ಸಲ ಹಳೆಯ ನಂಬರನ್ನು ತಾನಾಗಿಯೇ ಬರೆಸಿದಳು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು, 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂಬುದನ್ನು ಸೇರುವ ದಿನವೇ ಕೇಳಿದಳು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಹಳೆಯ ನಂಬರೂ ಇಲ್ಲದ, 80 ದಿನವೂ ಆಗದ ಅಕ್ಕತಂಗಿಯರು ನಮ್ಮಲ್ಲಿ ಇದ್ದಾರೆ. ಅವರಿಗೆ ಸಂಘವೇ ಇ.ಎಸ್.ಐ., ಸಂಘವೇ ಕಾಯಿದೆ. ಆದರೆ ಯಾರಿಗೆ ಏನು ಸಿಗುತ್ತದೆ ಎಂಬುದು ಲೆಕ್ಕ ಹಾಕುವವರೆಗೆ ಗೊತ್ತಾಗುವುದಿಲ್ಲ. ವೇಲ್ ಹೊದೆದು ಹೊರಡುವ ಮೊದಲು ಒಮ್ಮೆ ಸಂಘದಲ್ಲಿ ಬಾಯಿ ಬಿಡೋಣ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಈಗ ಬಸುರಿಯಾಗಿರುವವರು ಯಾರು? ಅವರ ಹೆರಿಗೆಯ ತಾರೀಖು ನಮಗೆ ಗೊತ್ತೇ?
2. ನಮ್ಮಲ್ಲಿ ಯಾರ ಹತ್ತಿರ ಹಳೆಯ ಇ.ಎಸ್.ಐ. ನಂಬರು ಇದೆ? ಆ ಕಾರ್ಡು ಎಲ್ಲಿದೆ?
3. ಒಬ್ಬಳ ಹೆರಿಗೆ ಡಿಸೆಂಬರ್ 20ಕ್ಕೆ. ಅವಳು ಸೆಪ್ಟೆಂಬರ್ 1ಕ್ಕೆ ಹೊಸ ಕಾರ್ಖಾನೆಗೆ ಸೇರುತ್ತಾಳೆ. ವಾರಕ್ಕೆ ಆರು ದಿನ ದುಡಿದರೆ 80 ದಿನ ಆಗುತ್ತದೆಯೇ? ಕ್ಯಾಲೆಂಡರ್ ನೋಡಿ ಎಣಿಸಿ.
4. ಹೆರಿಗೆಯ ತಿಂಗಳುಗಳಲ್ಲಿ ಸಾಲದ ಕಂತಿನ ಬಗ್ಗೆ ನಮ್ಮ ಸಂಘದ ನಿಯಮ ಏನು? ಇಲ್ಲದಿದ್ದರೆ ಇಂದೇ ಠರಾವು ಬರೆಯೋಣವೇ?
5. ಬಸುರಿನ ವಿಷಯ ಮುಚ್ಚಿಟ್ಟು ಕೆಲಸಕ್ಕೆ ಹೋದ ಅನುಭವ ಯಾರಿಗಾದರೂ ಇದೆಯೇ? ಆಗ ಯಾರು ಜೊತೆಗಿದ್ದಿದ್ದರೆ ಚೆನ್ನಾಗಿತ್ತು ಅನಿಸಿತು?